ಎರಡನೇ ಸಾಲಿಗೆ ಮುನಿಸು

ತಾರೀಖು ಒಂಬತ್ತು, ಮಂಗಳವಾರ, ಮಧ್ಯಾಹ್ನ

ರೀ,

ಈ ಒಂದಕ್ಷರ ಬರೆಯುವುದಕ್ಕೆ ಮೂರು ಹಾಳೆ ಹಾಳುಮಾಡಿದೆ. ಮೊದಲನೆಯದರಲ್ಲಿ ‘ಮಾನ್ಯರೇ’ ಎಂದು ಬಂತು, ಕಚೇರಿಯ ಕೈ ಅಭ್ಯಾಸ ಬಿಡುತ್ತದೆಯೇ? ಎರಡನೆಯದರಲ್ಲಿ ನಿಮ್ಮ ಹುದ್ದೆ ಬರೆದೆ. ಅದನ್ನು ನೋಡಿದರೆ ನೋಟಿಸು ಬಂತೆಂದು ನೀವು ಗಾಬರಿಯಾಗುತ್ತಿದ್ದಿರಿ. ಮೂರನೆಯದರಲ್ಲಿ ಏನೂ ಕರೆಯದೆ ನೇರವಾಗಿ ವಿಷಯಕ್ಕೆ ಬಂದೆ, ಬಾಗಿಲು ತಟ್ಟದೆ ಒಳಗೆ ನುಗ್ಗಿದ ಹಾಗಾಯಿತು. ಏಳು ವರ್ಷದಿಂದ ಬಾಯಿಗೆ ಬಾರದ್ದು ಕೊನೆಗೆ ಕೈಗೆ ಬಂತು. ಇರಲಿ, ಕರೆದದ್ದು ಕೇಳಿಸಿದರೆ ಸಾಕು.

ನಿಮ್ಮ ಎಡಗಣ್ಣು ಕೆಂಪಾಗುವುದು ಕಡಿಮೆಯಾಗಿದೆಯೇ? ಮಸೂರದಲ್ಲಿ ನೋಡುವಾಗ ಕಣ್ಣು ಮಿಟುಕಿಸಬೇಕೆಂದು ಈಗ ಯಾರು ನೆನಪು ಮಾಡುತ್ತಾರೋ. ನಾನು ಚೆನ್ನಾಗಿದ್ದೇನೆ. ಕೂದಲು ಮಾಗಿದೆ, ಬುದ್ಧಿ ಇನ್ನೂ ಕಾಯಿ.

ನಾನೀಗ ಎಲ್ಲಿ ಕೆಲಸ ಮಾಡುತ್ತೇನೆಂದು ಯಾರಾದರೂ ಹೇಳಿರಬಹುದು. ಹೇಳಿಲ್ಲದಿದ್ದರೆ ಕೂತುಕೊಂಡು ಓದಿ. ನಿಮ್ಮ ಪ್ರಯೋಗಾಲಯಕ್ಕೆ ಹಣ ಕೊಡುವ ಸಂಶೋಧನಾ ನಿಧಿಯಲ್ಲೇ, ಮೌಲ್ಯಮಾಪನ ಶಾಖೆಯಲ್ಲಿ, ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು. ಜನರ ದುಡ್ಡಿನಲ್ಲಿ ನಡೆಯುವ ಸಂಶೋಧನೆಯಿಂದ ಜನರಿಗೆ ಏನು ಸಿಕ್ಕಿತು ಎಂದು ಹುಡುಕಿ ಬರೆಯುವುದು ನನ್ನ ಕೆಲಸ. ನಗಬೇಡಿ. ‘ಇದರಿಂದ ಏನು ಉಪಯೋಗ?’ ಎಂದು ಒಂದು ಸಾರಿ ನಿಮ್ಮನ್ನು ಕೇಳಿ ಮನೆ ಬಿಟ್ಟವಳು, ಅದೇ ಪ್ರಶ್ನೆಯನ್ನು ಊರಿನ ವಿಜ್ಞಾನಿಗಳಿಗೆಲ್ಲ ಕೇಳುತ್ತಾ ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ನಿಮ್ಮ ಕಡತ ನನ್ನ ಮೇಜಿಗೆ ಬಂದು ಇವತ್ತಿಗೆ ಹತ್ತೊಂಬತ್ತು ದಿನ. ಶುಕ್ರವಾರ ಹನ್ನೊಂದು ಗಂಟೆಗೆ ಸಮಿತಿ ಕೂರುತ್ತದೆ. ಸಮಾಜಕ್ಕೂ ಆರ್ಥಿಕತೆಗೂ ಆದ ಪ್ರಯೋಜನವನ್ನು ಆಧಾರ ಸಹಿತ ತೋರಿಸಲಾಗದ ಪ್ರಯೋಗಾಲಯಗಳಿಗೆ ಈ ವರ್ಷದಿಂದ ಬೀಗ. ಪಟ್ಟಿಯಲ್ಲಿ ನಿಮ್ಮ ಒಣಗುವಿಕೆ ವಿಭಾಗ ಎರಡನೆಯದು. ಇದು ನಿಮಗೂ ಗೊತ್ತಿದೆ, ನೋಟಿಸಿಗೆ ನಿಮ್ಮ ಸಹಿ ಇದೆ. ಗೊತ್ತಿದ್ದೂ ನೀವು ಮಾಡಿದ್ದೇನು? ನಮೂನೆಯಲ್ಲಿ ಪ್ರಯೋಜನ ಬರೆಯಲು ಅಂಗೈಯಗಲದ ಚೌಕವಿದೆ. ಉಳಿದವರು ಅದನ್ನು ತುಂಬಿಸಿ, ಸಾಲದೆ ಮೇಲೆ ಹಾಳೆ ಅಂಟಿಸುತ್ತಾರೆ. ಹುಳದ ರೆಕ್ಕೆ ಅಳೆದವರು ಕೂಡ ದೇಶದ ಬಡತನ ನೀಗಿಸಿದ್ದಾಗಿ ಬರೆಯುತ್ತಾರೆ. ನೀವು ಚೌಕದ ನಡುವೆ ಒಂದೇ ಸಾಲು ಬರೆದಿದ್ದೀರಿ: ‘ಒದ್ದೆಯಾದದ್ದು ಹೇಗೆ ಒಣಗುತ್ತದೆಂಬುದು ಮೊದಲಿಗಿಂತ ಸ್ವಲ್ಪ ಹೆಚ್ಚು ತಿಳಿದಿದೆ.’ ಸುತ್ತ ಬರೀ ಬಿಳಿ ಜಾಗ.

ಮೊದಲು ನಗು ಬಂತು. ಆಮೇಲೆ ಸಿಟ್ಟು. ಇಷ್ಟು ವಯಸ್ಸಾದರೂ ತನ್ನ ಪರವಾಗಿ ಎರಡು ಮಾತು ಜಾಸ್ತಿ ಆಡಲು ಈ ಮನುಷ್ಯನಿಗೆ ಬರಲಿಲ್ಲವಲ್ಲ ಎಂದು. ಕಡತ ಮುಚ್ಚಿ ಕಿಟಕಿಯಾಚೆ ನೋಡಿದೆ. ಎದುರಿನ ಗೋಡೆಯ ಮೇಲೆ ಮುಂಜಾನೆಯ ತೇವ ಒಂದು ದೊಡ್ಡ ಮೋಡದ ಆಕಾರದಲ್ಲಿತ್ತು. ಊಟದ ಹೊತ್ತಿಗೆ ಅದು ಅಂಚಿನಿಂದ ಸವೆಯುತ್ತಾ ಸವೆಯುತ್ತಾ ತಟ್ಟೆಯಷ್ಟಾಯಿತು, ಮೂರು ಗಂಟೆಗೆ ಇಲ್ಲವಾಯಿತು. ಅಷ್ಟು ಹೊತ್ತೂ ಅದನ್ನೇ ನೋಡುತ್ತಾ ಕೂತಿದ್ದೆ. ನಿಮ್ಮ ರೋಗ ನನಗೂ ಅಂಟಿತ್ತು ಅಂತ ಕಾಣುತ್ತದೆ, ಇಷ್ಟು ದಿನ ಹೊರಗೆ ಬಂದಿರಲಿಲ್ಲ.

ಇಲ್ಲೇ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಸಂಬಂಧಿಕರ ಕಡತ ಬಂದರೆ ಮೂರು ದಿನದೊಳಗೆ ಹಾಗೆಂದು ಬರೆದುಕೊಟ್ಟು ಅದರಿಂದ ಕೈತೊಳೆದುಕೊಳ್ಳಬೇಕು ಎಂಬುದು ನಮ್ಮಲ್ಲಿ ನಿಯಮ. ನಾನು ಬರೆದುಕೊಡಲಿಲ್ಲ. ಬೇರೆ ಮೇಜಿಗೆ ಹೋದರೆ ಆ ಒಂದು ಸಾಲನ್ನು ನೋಡಿ ಅರ್ಧ ನಿಮಿಷದಲ್ಲಿ ‘ಪ್ರಯೋಜನ ಶೂನ್ಯ’ ಎಂದು ಬರೆಯುತ್ತಾರೆ ಎಂಬ ಭಯ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಇನ್ನೂ ಸಣ್ಣದು: ಅದರಲ್ಲಿ ನಿಮ್ಮ ಕೈಬರಹ ಇತ್ತು.

ಆ ಮೇಲ್ಮಹಡಿಯ ಎರಡು ಕೋಣೆಯ ಮನೆ ನನಗೆ ಈಗ ಯಾವಾಗಲೂ ಬೆಳಗಿನ ಬೆಳಕಿನಲ್ಲೇ ನೆನಪಾಗುತ್ತದೆ. ಮಧ್ಯಾಹ್ನ, ಸಂಜೆ ಅಲ್ಲಿ ಆಗಿಯೇ ಇರಲಿಲ್ಲವೇನೋ ಎನ್ನುವಂತೆ. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ನಿಮ್ಮ ಹದಿನಾಲ್ಕು ಸಾಸರುಗಳು. ಒಂದೊಂದರಲ್ಲೂ ನೀರಿನಲ್ಲಿ ಕದಡಿದ ಬಿಳಿ ಜೇಡಿಮಣ್ಣು. ಕಪ್ಪುಗಳಿಗೆ ಸಾಸರಿಲ್ಲದೆ ನಾವು ಬಂದವರಿಗೆ ಅಂಗೈ ಮೇಲೇ ಕಾಫಿ ಕೊಡುತ್ತಿದ್ದೆವು. ಪಕ್ಕದ ಮನೆಯಾಕೆ ಒಂದು ದಿನ ಬಂದು ನೋಡಿ, “ಒಣಗೋದನ್ನ ನೋಡ್ತಾ ಕೂತ್ರೆ ನಿಮ್ಮ ಯಜಮಾನ್ರಿಗೆ ಸರ್ಕಾರ ಸಂಬಳ ಕೊಡುತ್ತಂತೆ, ಹೌದಾ? ಹಾಗಾದ್ರೆ ನಮ್ಮ ಬಟ್ಟೆ ತಂತಿ ಕಡೆನೂ ಸ್ವಲ್ಪ ನೋಡೋಕೆ ಹೇಳಿ” ಎಂದಿದ್ದಳು. ನೀವು ನಿಜವಾಗಿಯೂ ಹೋಗಿ ಅವಳ ತಂತಿಯ ಕೆಳಗೆ ನಿಂತು ನೋಡಿದಿರಿ. ಅವಳು ಆಮೇಲೆ ತಿಂಗಳುಗಟ್ಟಲೆ ಒಳಗೇ ಬಟ್ಟೆ ಒಣಹಾಕಿದಳು.

ಆ ಸಾಸರುಗಳಲ್ಲಿ ಒಂದು ಹೊತ್ತು ಬರುತ್ತಿತ್ತಲ್ಲ, ಮಣ್ಣು ಒದ್ದೆಯೂ ಅಲ್ಲದ, ಒಣಗಿಯೂ ಇಲ್ಲದ ಹೊತ್ತು. ಮೇಲಿನ ಹೊಳಪು ತಟ್ಟನೆ ಆರಿಹೋಗುತ್ತಿತ್ತು, ಅಂಚು ಬಿಗಿಯುತ್ತಿತ್ತು. ಆಗ ಗಾಳಿ ಹಾಕಿದರೆ, ಬಿಸಿ ಮಾಡಿದರೆ, ಮುಟ್ಟಿದರೆ, ಮರುದಿನ ಬಿರುಕು. ನೀವು ಅದಕ್ಕೊಂದು ಹೆಸರು ಸಿಗದೆ ಒದ್ದಾಡುತ್ತಿದ್ದಿರಿ. ನಾನು ಪಾತ್ರೆ ಉಜ್ಜುತ್ತಾ ತಿರುಗಿ ನೋಡಿ, “ಅದು ಮುನಿಸ್ಕೊಂಡಿದೆ ರೀ, ಸ್ವಲ್ಪ ಹೊತ್ತು ಸುಮ್ನೆ ಬಿಡಿ” ಎಂದೆ. ನೀವು ಪೆನ್ನು ತೆಗೆದುಕೊಂಡಿರಿ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಮುನಿಸು. “ನಾಲ್ಕನೇದಕ್ಕೆ ಮುನಿಸು ಬಂತು,” “ಒಂಬತ್ತನೇದರ ಮುನಿಸು ಇಳಿಯಿತು” ಎಂದು ನೀವು ಒಳಗಿನಿಂದ ಕೂಗುವಿರಿ, ನಾನು ಫ್ಯಾನು ಆರಿಸುವೆ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ ಅಂತ ಮೊನ್ನೆ ಹೊಳೆಯಿತು.

ಆಮೇಲಿನದು ನಿಮಗೆ ಗೊತ್ತು, ಆದರೆ ನನ್ನ ಕಡೆಯದು ಗೊತ್ತಿಲ್ಲ. ಆ ಸಂಜೆ ಶಾಲೆಯವರು ನನ್ನನ್ನು ಕೆಲಸದಿಂದ ತೆಗೆದಿದ್ದರು. ಅದನ್ನು ಹೇಳಲೆಂದೇ ಮೆಟ್ಟಿಲು ಹತ್ತಿ ಬಂದೆ. ನೀವು ಮಸೂರದಿಂದ ಕಣ್ಣು ತೆಗೆಯದೆ ಒಂದು ಬೆರಳೆತ್ತಿದಿರಿ, ಒಂದು ನಿಮಿಷ ಎಂಬಂತೆ. ಆ ನಿಮಿಷ ನಲವತ್ತು ನಿಮಿಷವಾಯಿತು. ನಾನು ಚಪ್ಪಲಿ ಕೂಡ ಬಿಚ್ಚದೆ ನಿಂತಿದ್ದೆ. ಕೊನೆಗೆ ‘ಇದರಿಂದ ಏನು ಉಪಯೋಗ?’ ಎಂದು ಕೇಳಿದೆ. ನಾನು ಸಾಸರಿನ ಬಗ್ಗೆ ಕೇಳಿದೆನೆಂದು ನೀವು ತಿಳಿದಿರಿ. ನಾನು ಕೇಳಿದ್ದು, ಮನೆಗೆ ಬಂದವಳ ಮುಖವನ್ನೂ ನೋಡದಿದ್ದರೆ ನಾವಿಬ್ಬರೂ ಒಂದೇ ಸೂರಿನಡಿ ಇದ್ದು ಏನು ಉಪಯೋಗ ಎಂದು. ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ನೀವು ನಾಲ್ಕು ದಿನ ನನ್ನನ್ನು ಮಾತಾಡಿಸದೆ ಬಿಟ್ಟಿರಿ. ನನಗೆ ಆಗಲೇ ಅನುಮಾನವಿತ್ತು, ಈ ಮಹಾನುಭಾವರು ಮಣ್ಣಿನ ಸಿದ್ಧಾಂತವನ್ನು ಹೆಂಡತಿಯ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಎಂದು. ಐದನೇ ದಿನ ನಾನು ಪೆಟ್ಟಿಗೆ ಕಟ್ಟಿದೆ. ಅಮ್ಮ ನಿಮ್ಮನ್ನು ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎನ್ನುತ್ತಿದ್ದಳು. ಗಾದೆಯ ಮೊದಲರ್ಧ ನನಗೆ ಸಾಬೀತಾಗಿತ್ತು. ಎರಡನೇ ಅರ್ಧ ಸಾಬೀತು ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಹದಿಮೂರು ದಿನ ಹುಡುಕಿದೆ, ಏನೂ ಸಿಗಲಿಲ್ಲ. ನಿಮ್ಮ ಪ್ರಬಂಧಗಳಲ್ಲಿ ಆ ಹೊತ್ತಿಗೆ ‘ದ್ವಿತೀಯ ಸ್ಥಿತ್ಯಂತರ ಹಂತ’ ಎಂದು ಹೆಸರು. ಆ ಹೆಸರಿಟ್ಟು ಕಾರ್ಖಾನೆ, ಆಸ್ಪತ್ರೆ, ಗೋದಾಮು ಎಲ್ಲ ಕಡೆಯ ವರದಿಗಳನ್ನು ಜಾಲಾಡಿದೆ. ಒಂದು ಕಡೆಯೂ ಇಲ್ಲ. ಬಾಯಿ ತಿರುಗದ ಹೆಸರನ್ನು ಯಾರು ತಾನೇ ಬಾಯಿಗೆ ಹಾಕಿಕೊಳ್ಳುತ್ತಾರೆ?

ಹದಿನಾಲ್ಕನೇ ದಿನ ನಮ್ಮ ಪಕ್ಕದ ಮೇಜಿನ ಹಿರಿಯರು ಒಂದು ದೂರು ಬರೆಯುತ್ತಿದ್ದರು. ಅವರನ್ನು ನಾವು ‘ಮೊಹರು’ ಎನ್ನುತ್ತೇವೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಮೊಹರು ಒತ್ತುತ್ತಾರೆ, ಒಮ್ಮೆ ತಮ್ಮ ಊಟದ ಡಬ್ಬಿಗೂ ಒತ್ತಿದ್ದರು. ಕೈತೊಳೆಯುವ ಬೇಸಿನ್ ಮಾಡುವ ಒಂದು ಕಾರ್ಖಾನೆಗೆ ನಮ್ಮ ಶಾಖೆ ಎಂದಿನಂತೆ ಪ್ರಶ್ನಾವಳಿ ಕಳಿಸಿತ್ತು. ‘ಸರ್ಕಾರಿ ಸಂಶೋಧನೆಯಿಂದ ನಿಮಗೆ ಪ್ರಯೋಜನವಾಗಿದೆಯೇ?’ ಎಂಬುದಕ್ಕೆ ಅವರು ‘ಇಲ್ಲ’ ಎಂದು ಬರೆದು, ಒಣಗಿಸುವ ಕೋಣೆಯ ದಿನವಹಿ ಪುಸ್ತಕದ ಪ್ರತಿ ಲಗತ್ತಿಸಿದ್ದರು. ಮೊಹರು ಅದನ್ನು ಓದಿ ಮರುಗಿಬಿಟ್ಟಿದ್ದರು. “ನೋಡಿ ಮೇಡಂ, ಎಂಥ ಅನ್ಯಾಯ! ಎರಡನೇ ಸಾಲಿನ ಹೆಣ್ಣುಮಕ್ಕಳು ದಿನಾ ಮುನಿಸ್ಕೋತಾರೆ. ಅದಕ್ಕೆ ಕಾರ್ಖಾನೆಯವರು ಫ್ಯಾನ್ ಆಫ್ ಮಾಡಿ ಶಿಕ್ಷೆ ಕೊಡ್ತಾರೆ. ಕಾರ್ಮಿಕ ಇಲಾಖೆಗೆ ಬರೀತಿದೀನಿ” ಎಂದು ಪುಸ್ತಕವನ್ನು ನನ್ನ ಕಡೆ ತಳ್ಳಿದರು.

ಅದರಲ್ಲಿ ಹೀಗಿತ್ತು: ‘ಹನ್ನೊಂದೂವರೆ. ಎರಡನೇ ಸಾಲಿಗೆ ಮುನಿಸು. ಫ್ಯಾನ್ ನಿಲ್ಲಿಸಿದೆ. ಒಂದು ಗಂಟೆ. ಮುನಿಸು ಇಳಿಯಿತು. ಫ್ಯಾನ್ ಹಾಕಿದೆ.’

ನಾನು ಮೊದಲು ಕುರ್ಚಿ ಅಲ್ಲಾಡುವಷ್ಟು ನಕ್ಕೆ. ನಗು ನಿಂತ ಮೇಲೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಮೊಹರು ಪಾಪ, ನನಗೂ ಆ ಹೆಣ್ಣುಮಕ್ಕಳ ಮೇಲೆ ಕನಿಕರ ಬಂತೆಂದು ತಿಳಿದು ತಮ್ಮ ಕರವಸ್ತ್ರ ಕೊಟ್ಟರು.

ಮರುದಿನ ಬಸ್ಸು ಹತ್ತಿ ಆ ಕಾರ್ಖಾನೆಗೆ ಹೋದೆ. ರೀ, ನೀವು ಅಲ್ಲಿಗೆ ಹೋಗಬೇಕು. ಒಣಗಿಸುವ ಕೋಣೆ ಒಂದು ಉದ್ದನೆಯ ಹಜಾರ, ಮಾಡಿನಲ್ಲಿ ಮಸುಕು ಗಾಜು. ಬೆಳಕು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೀಳುತ್ತದೆ. ಅಚ್ಚಿನಿಂದ ಈಗಷ್ಟೇ ಬಿಡಿಸಿದ ಹಸಿ ಬೇಸಿನ್‌ಗಳು ಹಲಗೆಗಳ ಮೇಲೆ ಸಾಲಾಗಿ ಬಾಯಿ ತೆರೆದು ಕೂತಿವೆ. ಅವುಗಳಿಂದ ಎದ್ದ ಆವಿ ಸೊಂಟದ ಮಟ್ಟಕ್ಕೆ ನಿಂತಿರುತ್ತದೆ. ಹೆಂಗಸರು ಅದರೊಳಗೆ ಬರಿಗಾಲಲ್ಲಿ ಓಡಾಡುವಾಗ ಕಾಲು ಕಾಣುವುದಿಲ್ಲ, ತೇಲುತ್ತಿದ್ದಾರೆ ಅನ್ನಿಸುತ್ತದೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ಬಾಗಿಲಲ್ಲೇ ನಿಂತ ನನಗೆ ಎಲ್ಲೋ ನಿದ್ದೆಯಲ್ಲಿ ಮೊದಲೇ ಬಂದುಹೋಗಿದ್ದ ಜಾಗ ಅನ್ನಿಸಿತು. ಅಷ್ಟರಲ್ಲಿ ಆ ಬಿಳುಪಿನೊಳಗಿನಿಂದ ಒಂದು ದನಿ, “ಎರಡನೇ ಸಾಲಿಗೆ ಮುನಿಸು ಬಂತು, ಫ್ಯಾನ್ ನಿಲ್ಸೇ” ಎಂದು ಕೂಗಿತು. ನನ್ನ ಮಾತು, ನಿಮ್ಮ ಧಾಟಿ, ಗುರುತಿಲ್ಲದ ಗಂಟಲು. ಕೈ ತಾನಾಗಿ ಗೋಡೆಯ ಸ್ವಿಚ್ಚು ಹುಡುಕಿತು.

ಕೂಗಿದವರು ಆ ಕೋಣೆಯ ಮುಖ್ಯಸ್ಥೆ, ಎಲ್ಲರೂ ‘ಹಬೆಯಮ್ಮ’ ಎನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಅಲ್ಲೇ. ಮೊದಲೆಲ್ಲ ಹತ್ತು ಬೇಸಿನ್‌ನಲ್ಲಿ ಮೂರು ಬಿರುಕು ಬಿಡುತ್ತಿದ್ದವಂತೆ, ಬಿರುಕಿಗೆ ಯಾರ ಕೈ ತಾಗಿತೋ ಅವರ ಕೂಲಿ ಕಡಿತ. ಯಾರ ಕೈಯೆಂದು ಜಗಳ, ಅಳು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ದಿನ ಗೋದಾಮಿನಲ್ಲಿ ಹಳೇ ಕಾಗದದ ರಾಶಿಯಲ್ಲಿ ಎಂಟು ಪುಟದ ಒಂದು ಪುಸ್ತಕ ಸಿಕ್ಕಿತಂತೆ, ಪುಕ್ಕಟೆ ಹಂಚಿದ್ದು, ರಟ್ಟಿಲ್ಲ. ಅದರಲ್ಲಿ ಮುನಿಸು ಅಂದರೇನು, ಬಂದದ್ದು ಹೇಗೆ ತಿಳಿಯುತ್ತದೆ, ಎಷ್ಟು ಹೊತ್ತು ಬಿಡಬೇಕು ಎಲ್ಲ ಇತ್ತಂತೆ. “ಯಾರೋ ಮನೆ ನಡೆಸಿದ ಹೆಂಗಸು ಬರ್ದಿರಬೇಕು. ಗಂಡಸರಿಗೆ ಇಷ್ಟೆಲ್ಲ ಎಲ್ಲಿ ಗೊತ್ತಾಗುತ್ತೆ?” ಎಂದರು. ಈಗ ನೂರಕ್ಕೆ ಎರಡು ಬಿರುಕು. ಕಡಿತ ನಿಂತುಹೋಗಿ ಹದಿನೈದು ವರ್ಷ. ಮಣ್ಣು ಉಳಿದದ್ದು, ಭಟ್ಟಿಯ ಸೌದೆ ಉಳಿದದ್ದು ಎಲ್ಲವನ್ನೂ ನಮ್ಮ ನಮೂನೆಗಾಗಿ ಬರೆದುಕೊಂಡೆ. ಹೆಂಗಸರು ಈಗ ಊಟಕ್ಕೆ ಒಟ್ಟಿಗೆ ಕೂರುತ್ತಾರೆ ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ, ಅಂಚಿನಲ್ಲಿ ಬರೆದೆ.

ಹಬೆಯಮ್ಮನ ನಾದಿನಿ ಸರ್ಕಾರಿ ದಾಖಲೆ ಕಚೇರಿಯಲ್ಲಿ ಹರಿದ ಕಾಗದ ಸರಿಮಾಡುತ್ತಾಳೆ. ಎರಡು ವರ್ಷದ ಹಿಂದೆ ನೆರೆನೀರು ನುಗ್ಗಿ ಹನ್ನೊಂದು ಸಾವಿರ ಮನೆಗಳ ಪತ್ರಗಳು ಒಂದೇ ಮುದ್ದೆಯಾಗಿದ್ದವು. ತೆಳುವಾದ ಕಾಗದವನ್ನು ಹಿಂಬದಿಗೆ ಅಂಟಿನಿಂದ ಹಚ್ಚಿ ಒಂದೊಂದನ್ನೇ ಬದುಕಿಸಬೇಕು. ಅಂಟು ಒಣಗುವಾಗ ಕಾಗದ ಮುದುಡಿ ಅಕ್ಷರವೇ ಸೀಳಿಹೋಗುತ್ತಿತ್ತು. ಹಬೆಯಮ್ಮ ಮನೆಯಲ್ಲಿ ಒಂದು ದಿನ, “ಮುನಿಸು ನೋಡ್ಕೊಂಡು ತೂಕ ಇಡು, ಮೊದಲೇ ಇಟ್ರೆ ಅಂಟುತ್ತೆ, ಆಮೇಲೆ ಇಟ್ರೆ ಸೀಳುತ್ತೆ” ಎಂದರಂತೆ. ಅಲ್ಲಿಗೂ ಹೋದೆ. ಗೋಡೆಯ ಮೇಲೆ ಸುಣ್ಣದಲ್ಲಿ ‘ಮುನಿಸು ಇಳಿಯುವ ತನಕ ಮುಟ್ಟಬೇಡಿ’ ಎಂದು ಬರೆದಿದೆ. ಹೊರಗಿನವರು ಅದನ್ನು ಓದಿ ಒಳಗಿನ ಅಧಿಕಾರಿ ಮಹಾ ಸಿಡುಕರೆಂದು ಬಾಗಿಲಲ್ಲೇ ಕಾಯುತ್ತಾರಂತೆ! ನಾನಿದ್ದಾಗ ಒಬ್ಬ ಮುದಿ ಚಾಲಕರು ತಮ್ಮ ಮನೆಪತ್ರ ಒಯ್ಯಲು ಬಂದರು. ಪತ್ರ ಕೈಗೆ ಬಂದಾಗ ವಿಸ್ತೀರ್ಣ ನೋಡಲಿಲ್ಲ, ಗಡಿ ನೋಡಲಿಲ್ಲ. ಕೆಳಗೆ ಹುಡುಕಿ ಒಂದು ಕಡೆ ತಮ್ಮ ಹೆಬ್ಬೆರಳಿಟ್ಟು, “ಇದು ನಮ್ಮಪ್ಪನ ಹೆಬ್ಬೆಟ್ಟು. ಗೆರೆಗೆರೇನೂ ಉಳಿದಿದೆ ನೋಡಿ” ಎಂದರು. ಅಪ್ಪನ ಗುರುತೆಂದು ಅವರ ಬಳಿ ಉಳಿದದ್ದು ಅದೊಂದೇ ಅಂತೆ.

ಹಿಂದಿರುಗುವಾಗ ಬಸ್ಸಿನಲ್ಲಿ ತೂಕಡಿಕೆ ಬಂತು. ಕಣ್ಣು ಮುಚ್ಚಿದರೆ ನಮ್ಮ ಮಾತು ಬೀದಿಯಲ್ಲಿ ನಡೆದು ಹೋಗುತ್ತಿತ್ತು. ಪಾತ್ರೆ ಉಜ್ಜಿದ ಕೈ ಒರೆಸಿಕೊಳ್ಳುತ್ತಾ ಒಬ್ಬೊಬ್ಬರ ಮನೆಗೆ ಹೋಗಿ, ಏನನ್ನೋ ಹೇಳಿ, ನೀರು ಕುಡಿದು ಮುಂದಿನ ಮನೆಗೆ ಹೊರಡುತ್ತಿತ್ತು. ಯಾರೂ ಅದನ್ನು ನೀನು ಯಾರ ಮನೆಯವಳು ಎಂದು ಕೇಳಲಿಲ್ಲ. ನಾನು ಹಿಂದೆಯೇ ಹೋಗುತ್ತಿದ್ದೆ, ಕರೆದರೆ ತಿರುಗಲಿಲ್ಲ. ಎಷ್ಟೋ ಮನೆಗಳಾಚೆ ಒಂದು ಕಿಟಕಿಕಟ್ಟೆಯ ಹತ್ತಿರ ನಿಂತಿತು. ಕಂಡಕ್ಟರು ಎಬ್ಬಿಸಿ, “ಅಮ್ಮಾ, ಲಾಸ್ಟ್ ಸ್ಟಾಪು” ಎಂದ. ನಾನು ಇಳಿಯಬೇಕಾದ ಜಾಗ ಐದು ನಿಲ್ದಾಣ ಹಿಂದಿತ್ತು. ನಡೆದುಕೊಂಡೇ ಬಂದೆ, ದಾರಿ ಚೆನ್ನಾಗಿತ್ತು.

ಇನ್ನು ಕಷ್ಟದ ಮಾತು. ಇಷ್ಟೆಲ್ಲ ಸಿಕ್ಕರೂ ಇದು ನಿಮ್ಮದು ಎಂಬುದಕ್ಕೆ ಆಧಾರವಿಲ್ಲ. ಹಬೆಯಮ್ಮನ ಪುಸ್ತಕಕ್ಕೆ ರಟ್ಟಿಲ್ಲ, ಬರೆದವರ ಹೆಸರಿಲ್ಲ. ‘ಮುನಿಸು’ ವಿಜ್ಞಾನದ ಗಾಂಭೀರ್ಯಕ್ಕೆ ತಕ್ಕುದಲ್ಲವೆಂದು ನಿಮ್ಮ ಪ್ರಕಟಣಾ ಸಮಿತಿಯವರು ನೀವು ಬರೆದ ಆ ಎಂಟು ಪುಟದ ಪುಸ್ತಕದ ಮೊದಲ ಮುದ್ರಣವನ್ನು ನಾಶಮಾಡಿಸಿ, ಎಲ್ಲ ಕಡೆ ‘ಸ್ಥಿತ್ಯಂತರ’ ತುರುಕಿ ಮತ್ತೆ ಅಚ್ಚುಹಾಕಿಸಿದ್ದರು. ಅಷ್ಟರಲ್ಲಿ ಅಂಚೆಗೆ ಹೋಗಿದ್ದ ನಲವತ್ತು ಪ್ರತಿಗಳಲ್ಲಿ ಇದೊಂದು. ನೀವು ಆ ದಿನ ಊಟ ಬಿಟ್ಟಿದ್ದಿರಿ, ನೆನಪಿದೆಯೇ? ಈಗ ನಿಧಿಯ ಲೆಕ್ಕದಲ್ಲಿ ನಿಮ್ಮ ಸಂಶೋಧನೆ ‘ಸ್ಥಿತ್ಯಂತರ’, ಜನರ ಕೈಯಲ್ಲಿರುವುದು ‘ಮುನಿಸು’. ಯಾರ ಮನೆಯ ಮಾತಾದರೇನು ಎಂದು ಮೊಹರನ್ನು ಮೆಲ್ಲಗೆ ಕೇಳಿನೋಡಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಮುನಿಸು ಯಾವ ಮನೇಲಿಲ್ಲ ಮೇಡಂ? ಇದೇ ಮನೆಯಿಂದ ಬಂತು ಅನ್ನೋಕೆ ಕಾಗದ ಬೇಕು” ಎಂದರು.

ಕಾಗದ ಇದೆ. ನನ್ನ ಬಳಿ ಇದೆ.

ನೀಲಿ ರಟ್ಟಿನ ನಿಮ್ಮ ಟಿಪ್ಪಣಿ ಪುಸ್ತಕ. ನಾನು ಹೊರಟ ದಿನ, ಅಂಥದ್ದೇ ನೀಲಿ ರಟ್ಟಿನ ನನ್ನ ಹೊಲಿಗೆಯ ಅಳತೆ ಪುಸ್ತಕವೆಂದುಕೊಂಡು ಪೆಟ್ಟಿಗೆಗೆ ಹಾಕಿದ್ದೆ. ಮೂರು ತಿಂಗಳಾದ ಮೇಲೆ ನೀವು ಅದು ನನ್ನ ಬಳಿ ಇದೆಯೇ ಎಂದು ಎರಡು ಸಾಲಿನ ಕಾಗದ ಬರೆದು ಕೇಳಿದಿರಿ, ನಾನು ಇಲ್ಲವೆಂದು ಉತ್ತರ ಬರೆದೆ. ಇತ್ತು. ಕಾಗದ ಬರೆಯುವಾಗ ಮಡಿಲಲ್ಲೇ ಇತ್ತು. ಹದಿನಾಲ್ಕು ಸಾಸರುಗಳ ಆ ತಿಂಗಳ ಪುಟದಲ್ಲಿ, ತಾರೀಖಿನ ಕೆಳಗೆ, ನಿಮ್ಮ ಓರೆ ಅಕ್ಷರದಲ್ಲಿ ಬರೆದಿದೆ: ‘ಇವಳು ಇದನ್ನು ಮುನಿಸು ಅನ್ನುತ್ತಾಳೆ. ಇದಕ್ಕಿಂತ ಸರಿಯಾದ ಹೆಸರು ನನಗೆ ಹೊಳೆಯದು.’ ನಿಮ್ಮ ಬಾಯಿಂದ ನಾನು ಕೇಳಿದ್ದಕ್ಕಿಂತ ಹೆಚ್ಚಿನ ಮಾತು ಆ ಎರಡು ಸಾಲಿನಲ್ಲಿತ್ತು. ಅದನ್ನು ಹೇಗೆ ಹಿಂದೆ ಕಳಿಸಲಿ? ನಿಮ್ಮ ಕೆಲಸಕ್ಕೆ ಎಷ್ಟು ಪೆಟ್ಟಾಯಿತೋ ಗೊತ್ತಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ನನ್ನ ಅಳತೆ ಪುಸ್ತಕ ನಿಮ್ಮಲ್ಲೇ ಉಳಿದಿರಬೇಕು. ನೀವೂ ಅದನ್ನು ಹಿಂದಿರುಗಿಸಲಿಲ್ಲ ಎಂಬುದನ್ನು ಈ ಸಂದರ್ಭದಲ್ಲಿ ವಿನಯಪೂರ್ವಕವಾಗಿ ನೆನಪಿಸುತ್ತೇನೆ.

ನಾಳೆ ಹತ್ತು ಗಂಟೆಗೆ ಕಡತವನ್ನು ಹಿಂದಿರುಗಿಸಿ, ಅದರ ಜೊತೆ ನಮ್ಮ ಸಂಬಂಧದ ಘೋಷಣಾಪತ್ರ ಕೊಡುತ್ತೇನೆ. ಮೌಲ್ಯಮಾಪಕಿಯಾಗಿ ನನ್ನ ಮಾತಿಗೆ ಆಮೇಲೆ ಬೆಲೆಯಿಲ್ಲ, ಸಾಕ್ಷಿಯಾಗಿ ಇರುತ್ತದೆ. ‘ಇವಳು’ ಎಂದು ಬರೆದಿರುವುದು ನನ್ನನ್ನೇ ಎಂದು ಹೇಳಬಲ್ಲವಳು ಪ್ರಪಂಚದಲ್ಲಿ ನಾನೊಬ್ಬಳೇ. ಹತ್ತೊಂಬತ್ತು ದಿನ ಮುಚ್ಚಿಟ್ಟದ್ದಕ್ಕೆ ವಿಚಾರಣೆ ಆಗುತ್ತದೆ, ಈ ಮೇಜು ಹೋಗಬಹುದು. ನಿನ್ನೆ ಮಧ್ಯಾಹ್ನ ಇದನ್ನು ಯೋಚಿಸುತ್ತಾ ಹೆದರಿದೆ, ಸುಳ್ಳು ಹೇಳುವುದಿಲ್ಲ. ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಆದರೆ ಆ ಚೌಕದ ಬಿಳಿ ಜಾಗವನ್ನು ಹಾಗೇ ಬಿಟ್ಟು ಇರಲಾರೆ.

ಶುಕ್ರವಾರ ನೀವೂ ಬಂದು ಮಾತಾಡಬೇಕು. ನಿಮ್ಮ ಅಡ್ಡಗೋಡೆಯ ಮೇಲಿನ ದೀಪದಂಥ ಮಾತು ಬೇಡ, ಬಾಯಿಬಿಟ್ಟು. ಅದಕ್ಕೆ ಮೊದಲು, ಸಾಧ್ಯವಾದರೆ ಗುರುವಾರವೇ, ಹಬೆಯಮ್ಮನ ಕೋಣೆಗೆ ಹೋಗಿ ಬನ್ನಿ. ನಿಮ್ಮ ಪುಸ್ತಕದಲ್ಲಿ ಒಂದು ತಪ್ಪನ್ನು ಅವರು ತಿದ್ದಿದ್ದಾರೆ. ಮುನಿಸು ಬಂದಾಗ ತೊಂಬತ್ತು ನಿಮಿಷ ಬಿಟ್ಟುಬಿಡಬೇಕು ಎಂದು ನೀವು ಬರೆದಿದ್ದೀರಿ. ಹಾಗೆ ಮಾಡಿದವರ ಬೇಸಿನ್‌ಗಳು ಮೊದಮೊದಲು ಒಡೆಯುತ್ತಲೇ ಇದ್ದವಂತೆ. ಒಬ್ಬಳು ಮಾತ್ರ ಹಲಗೆಯ ಪಕ್ಕದಲ್ಲೇ ಒದ್ದೆ ಬಟ್ಟೆ ಹಿಡಿದು ಕೂತಿದ್ದು, ಅಂಚು ತೀರಾ ಬಿಗಿದಾಗ ಒಂದಿಷ್ಟು ಒತ್ತುತ್ತಿದ್ದಳು. ಅವಳದು ಒಂದೂ ಒಡೆಯಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಹಬೆಯಮ್ಮ ನನ್ನ ಮುಖವನ್ನೇ ನೋಡುತ್ತಾ, “ಬಿಡಬೇಕು ಅಂದ್ರೆ ಬಿಟ್ಟು ಹೋಗೋದಲ್ಲಮ್ಮ, ಬಿಟ್ಟು ಪಕ್ಕದಲ್ಲೇ ಕೂತಿರೋದು” ಎಂದರು. ಆ ಮಾತು ಕೇಳಿ ನಾನು ಬೇಸಿನ್ ನೋಡುವ ನೆಪದಲ್ಲಿ ಮುಖ ತಿರುಗಿಸಿದೆ. ನೀವು ನಾಲ್ಕು ದಿನ ಪಕ್ಕದ ಕೋಣೆಯಲ್ಲಿದ್ದಿರಿ. ನಾನು ಏಳು ವರ್ಷ ಇನ್ನೊಂದು ಬೀದಿಯಲ್ಲಿದ್ದೆ. ಇದನ್ನು ಮುಂದಿನ ಮುದ್ರಣದಲ್ಲಿ ಸೇರಿಸಿಕೊಳ್ಳಿ.

ಸಂಜೆಯಾಯಿತು, ಬೆರಳು ನೋಯುತ್ತಿದೆ. ಎದುರಿನ ಗೋಡೆ ಪೂರ್ತಿ ಒಣಗಿದೆ.

ಇಂತಿ,
ಮೂರನೇ ಮಹಡಿಯ ಕಿಟಕಿ ಪಕ್ಕದ ಮೇಜಿನವಳು
(ನಾಳೆ ಬೆಳಿಗ್ಗೆ ಹತ್ತರ ತನಕ)

ಮತ್ತೆ ಬರೆದದ್ದು, ಬುಧವಾರ, ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು:

ಕಡತ ಕೊಟ್ಟು ಬಂದೆ. ವಿಚಾರಣೆ ಸೋಮವಾರ. ಟಿಪ್ಪಣಿ ಪುಸ್ತಕಕ್ಕೆ ಮೊಹರು ತಾವೇ ಮೊಹರು ಒತ್ತಿ ರಸೀದಿ ಕೊಟ್ಟರು. ಆ ಪುಟ ಓದಿ ಎರಡು ಸಾರಿ ಒತ್ತಿದರು. ಘೋಷಣಾಪತ್ರದಲ್ಲಿ ‘ಪತಿ’ ಎಂಬುದರ ಮುಂದೆ ಎರಡು ಚೌಕಗಳಿವೆ, ಹಾಲಿ ಒಂದು, ಮಾಜಿ ಇನ್ನೊಂದು. ನನಗೆ ಇದು ಗೊತ್ತಿರಲಿಲ್ಲ. ಪೆನ್ನು ಹಿಡಿದು ಎಷ್ಟು ಹೊತ್ತು ನಿಂತೆನೋ, ಕಿಟಕಿಯೊಳಗಿನ ಹುಡುಗಿ, “ಹಾಲಿನಾ ಮಾಜಿನಾ, ಬೇಗ ಹೇಳಿ ಮೇಡಂ, ಹಿಂದೆ ಜನ ಇದ್ದಾರೆ” ಎಂದಳು. ‘ಹಾಲಿ’ಗೆ ಗುರುತು ಹಾಕಿದೆ. ಸುಳ್ಳು ಮಾಹಿತಿ ಕೊಟ್ಟರೆ ಅದಕ್ಕೂ ಬೇರೆ ಶಿಕ್ಷೆ ಇದೆ ಎಂದು ಅಲ್ಲೇ ಕೆಳಗೆ ಅಚ್ಚಾಗಿದೆ. ತಪ್ಪಾಗಿದ್ದರೆ ಶುಕ್ರವಾರದೊಳಗೆ ಬಂದು ತಿದ್ದಿಸಿ. ಸರಿಯಾಗಿದ್ದರೂ ಬನ್ನಿ.